ಕಡ್ಡಿಯ ಡಬ್ಬಿಯೊಳಗೆ

ತಟ್ಟೆ ಗೋಡೆಗೆ ಬಡಿದು, ಒಂದು ಸುತ್ತು ತಿರುಗಿ, ಅಡುಗೆಮನೆಯ ಬಾಗಿಲಲ್ಲಿ ಬೋರಲಾಗಿ ಬಿತ್ತು. ಅದರಲ್ಲಿದ್ದ ಮಾಂಸದ ತುಂಡುಗಳು ಗೋಡೆಗುಂಟ ನಿಧಾನವಾಗಿ ಜಾರತೊಡಗಿದವು. ಎಸೆದವನು ಅಪ್ಪ. ತಟ್ಟೆ ಮಗಳದ್ದು.

“ಎಂಟು ತಿಂಗಳಾಯ್ತು ಈ ನಾಟಕ ಶುರುವಾಗಿ. ಇವತ್ತು ಮುಗೀಬೇಕು. ತಿಂತೀಯೋ ಇಲ್ವೋ?”

“ಇಲ್ಲ.”

“ನಾನು ಕಡಿದು ತಂದದ್ದು ನಿನಗೆ ಹೇಸಿಗೆನಾ?”

“ಹೇಸಿಗೆ ಅಂದೆನಾ ನಾನು? ತಿನ್ನಲ್ಲ ಅಂದೆ, ಅಷ್ಟೆ. ನೀನು ಎಸೆದ್ರೆ ಗೋಡೆ ತಿನ್ನುತ್ತೆ, ನಾನಲ್ಲ.”

ಅವನ ಕೈ ಎದ್ದಿತು. ಮಗಳು ಕೂತಲ್ಲಿಂದ ಕದಲಲಿಲ್ಲ. ಗಲ್ಲವನ್ನು ಎದೆಗೆ ಒತ್ತಿ ಭುಜವನ್ನು ಮುಂದಕ್ಕೆ ತಂದಳು. ಏಟು ಭುಜದ ಮೇಲೆ ಬಿದ್ದು ‘ದಪ್’ ಎಂದಿತು.

“ಅಲ್ಲಿಗೆ ಹೊಡೆದ್ರೆ ನಿನ್ನ ಕೈಯೇ ನೋಯೋದು ಅಪ್ಪ,” ಎಂದಳು ಮಗಳು.

“ಹೊಡೆದಾಡೋದಾದ್ರೆ ಊಟ ಮುಗಿಸಿ ಹೊಡೆದಾಡಿ,” ಎಂದು ಅಜ್ಜಿ ತನ್ನ ತಟ್ಟೆಯ ಮೇಲೆ ಅಂಗೈ ಮುಚ್ಚಿಕೊಂಡಳು. “ಗೋಡೆಯ ಸುಣ್ಣವೆಲ್ಲ ನನ್ನ ತಟ್ಟೆಗೇ ಬೀಳ್ತಿದೆ.”

ಪ್ರೂಫಮ್ಮ ಎದ್ದು ಒದ್ದೆ ಬಟ್ಟೆ ತಂದು ಗೋಡೆ ಒರೆಸಿದಳು. ಆ ವಾರದಲ್ಲಿ ಗೋಡೆ ಒರೆಸಿದ್ದು ಅದು ಎರಡನೆಯ ಸಲ.

ಅವಳು ಈ ಮನೆಯ ಸೊಸೆ, ಆ ಮಗಳ ತಾಯಿ. ಪ್ರೂಫಮ್ಮ ಎಂಬುದು ಪ್ರೆಸ್ಸಿನವರು ಇಟ್ಟ ಹೆಸರು. ಬರಬರುತ್ತಾ ಮನೆಯವರ ಬಾಯಲ್ಲೂ ಅದೇ ನಿಂತಿತು. ಡಬ್ಬಿ, ಪೊಟ್ಟಣ, ಬಾಟಲಿಗಳಿಗೆ ಅಂಟಿಸುವ ಲೇಬಲ್ಲುಗಳನ್ನು ಅಚ್ಚು ಹಾಕುವ ಪ್ರೆಸ್ಸದು. ಅಚ್ಚಿಗೆ ಹೋಗುವ ಮುನ್ನ ಪ್ರತಿ ಅಕ್ಷರವನ್ನೂ ಓದಿ ಪ್ರೂಫ್ ತಿದ್ದುವುದು ಅವಳ ಕೆಲಸ. ಗಂಡನದು ಮಾಂಸದಂಗಡಿ. ಮನೆಯ ಕೆಳಗೇ ಇತ್ತು; ಮೆಟ್ಟಿಲಿಳಿದರೆ ಅಂಗಡಿಯ ಹಿಂಬಾಗಿಲು. ಮಗಳು ಹುಟ್ಟಿದಾಗ ಬೆಂಕಿಕಡ್ಡಿಯಷ್ಟಿದ್ದಳೆಂದು ಅಜ್ಜಿ ಕಡ್ಡಿ ಎಂದು ಕರೆದಳು. ಕಡ್ಡಿಗೆ ಈಗ ಹದಿನೆಂಟು ವರ್ಷ, ಐವತ್ತೇಳು ಕೆಜಿ ತೂಕ, ಎರಡೂ ಕೈಯಲ್ಲಿ ಗುದ್ದಬಲ್ಲ ಬಾಕ್ಸರ್.

ಎಂಟು ತಿಂಗಳ ಹಿಂದೆ ಒಂದು ಪಂದ್ಯದಲ್ಲಿ ಕಡ್ಡಿ ಎದುರಾಳಿಯ ಕಿವಿಯ ಕೆಳಗೆ ಹೊಡೆದಿದ್ದಳು. ಆ ಹುಡುಗಿ ಬಿದ್ದಳು. ಬಿದ್ದವಳ ಕಾಲು ಎರಡು ಸಲ ಝಾಡಿಸಿತು. ಅಂಥ ಝಾಡಿಸುವಿಕೆಯನ್ನು ಕಡ್ಡಿ ಚಿಕ್ಕಂದಿನಿಂದ ಅಂಗಡಿಯ ಹಿಂಬದಿಯಲ್ಲಿ ನೋಡಿದ್ದಳು. ಹುಡುಗಿ ನಿಮಿಷದಲ್ಲಿ ಎದ್ದು ಕೂತು ನೀರು ಕೇಳಿದಳು, ಏನೂ ಆಗಿರಲಿಲ್ಲ. ಆದರೆ ಕಡ್ಡಿ ಮನೆಗೆ ಬಂದು, “ಹೊಡೆಯೋದು ಬಿಡಲ್ಲ. ತಿನ್ನೋದು ಬಿಟ್ಟೆ,” ಎಂದಳು. ಮಾಂಸ, ಮೀನು, ಮೊಟ್ಟೆ ಎಲ್ಲ ಹೋಯಿತು. ಹಾಲಂತೂ ಅವಳಿಗೆ ಮೊದಲಿನಿಂದಲೇ ಒಗ್ಗುತ್ತಿರಲಿಲ್ಲ.

ರಾಜ್ಯ ತಂಡದ ಆಯ್ಕೆ ಪಂದ್ಯಕ್ಕೆ ಇನ್ನು ಎಂಟು ವಾರವಿರುವಾಗ ಕೋಚ್ ಮೇಡಂ ತಾಯಿಯನ್ನು ಕರೆಸಿದರು. ಅವರು ಚಪ್ಪಟೆ ಮೂಗಿನ ಗಟ್ಟಿ ಹೆಂಗಸು, ಹಿಂದೆ ತಾವೂ ರಿಂಗಿಗೆ ಇಳಿದವರು. ಹಳೆಯ ಗೋದಾಮೊಂದು ಅವರ ತರಬೇತಿಯ ಜಾಗ. ಒಳಗೆ ಬೆವರು, ಚರ್ಮ, ನೋವಿನೆಣ್ಣೆಗಳ ವಾಸನೆ. ಮರಳಿನ ಚೀಲಗಳಿಗೆ ಬೀಳುವ ಏಟಿನ ಸದ್ದಿನಲ್ಲಿ ಮಾತು ಕೇಳಿಸಲು ಕಿರುಚಬೇಕಿತ್ತು.

“ಮೂರನೇ ಸುತ್ತಿಗೆ ಇವಳ ಕಾಲು ಸೋಲುತ್ತೆ. ಮೊನ್ನೆ ಎರಡು ಸಲ ಬಿದ್ದಳು, ಮನೇಲಿ ಹೇಳಿದ್ಳಾ?”

“ಇಲ್ಲ,” ಎಂದಳು ಪ್ರೂಫಮ್ಮ. “ಬೇಳೆ, ಕಾಳು, ಸೋಯಾ ಎಲ್ಲಾ ಕೊಡ್ತಿದ್ದೀನಲ್ಲ ಮೇಡಂ.”

“ಕೊಡಿ, ಅದೇ ಮುಖ್ಯ. ಆದ್ರೆ ಎರಡು ಹೊತ್ತು ತರಬೇತಿ ಮಾಡೋಳಿಗೆ ಅಷ್ಟು ಕಾಳು ತಿನ್ನೋಕೆ ಹೊಟ್ಟೇಲಿ ಜಾಗ ಎಲ್ಲಿದೆ? ಪ್ರೋಟೀನ್ ಪುಡಿ ಒಂದು ನೋಡಿ. ಕಣ್ಮುಚ್ಚಿ ಮಾತ್ರ ತರಬೇಡಿ. ಇಲ್ಲಿ ಒಬ್ಬ ಚೀಲದಲ್ಲಿ ಸಿಗೋ ಪುಡಿ ತಿಂದ. ಅದರಲ್ಲಿ ಏನು ಬೆರೆಸಿದ್ರೋ, ಮೈತುಂಬ ಗುಳ್ಳೆ ಎದ್ದವು, ಮೂಗಿನ ತುದಿಗೇ ಕೋಪ. ಒಂದು ದಿನ ಆ ಕನ್ನಡಿಗೆ ಗುದ್ದಿ ಮಣಿಕಟ್ಟು ಸೀಳ್ಕೊಂಡ.” ಗೋಡೆಯ ಮೇಲೆ ಕನ್ನಡಿ ಇರಲಿಲ್ಲ, ಅಂಟಿನ ಕಲೆಗಳಿದ್ದವು. “ಆಯ್ಕೆ ದಿನ ಮೂತ್ರ ಪರೀಕ್ಷೆ ಇರುತ್ತೆ. ಏನಾದ್ರೂ ಸಿಕ್ಕಿದ್ರೆ ‘ನಂಗೊತ್ತಿರಲಿಲ್ಲ’ ಅನ್ನೋದು ನಡೆಯಲ್ಲ. ವರ್ಷಗಟ್ಟಲೆ ಹೊರಗೆ. ಅಲ್ಲಿಗೆ ಇವಳ ಬಾಕ್ಸಿಂಗ್ ಮುಗೀತು.”

ಪ್ರೂಫಮ್ಮ ಅಂದಿನಿಂದ ಪುಡಿಯ ಬೆನ್ನು ಹತ್ತಿದಳು.

ಲೇಬಲ್ಲುಗಳನ್ನು ಅವಳಷ್ಟು ಅಪನಂಬಿಕೆಯಿಂದ ಓದುವವರು ಆ ಪೇಟೆಯಲ್ಲಿ ಇನ್ನೊಬ್ಬರಿರಲಿಲ್ಲ. ಒಂದೇ ಪೀಪಾಯಿಯ ಪುಡಿಗೆ ಮೂರು ಹೆಸರಿನ ಮೂರು ಲೇಬಲ್ಲು ಅಚ್ಚಾದದ್ದನ್ನು ಅವಳು ಕಂಡಿದ್ದಳು. ಫೋನಿನಲ್ಲಿ ಬಂದ ಒಂದು ಮಾತಿಗೆ ಪದಾರ್ಥಗಳ ಪಟ್ಟಿಯಿಂದ ಒಂದು ಸಾಲು ಮಾಯವಾದದ್ದನ್ನೂ ಕಂಡಿದ್ದಳು. ಕೇಳಿದರೆ ಮ್ಯಾನೇಜರ್, “ಅಕ್ಷರ ನೋಡಮ್ಮ ನೀನು. ಒಳಗಿನ ಮಾಲು ನಿನಗ್ಯಾಕೆ?” ಎನ್ನುತ್ತಿದ್ದ.

ಮೂರು ವಾರ, ಕೆಲಸ ಮುಗಿದ ಮೇಲೆ ಅಂಗಡಿ ಅಂಗಡಿ ಅಲೆದಳು. ಕೆಲವು ಡಬ್ಬಿಗಳಲ್ಲಿ ಯಾವುದು ಎಷ್ಟೆಂದು ಹೇಳದೆ ‘ವಿಶೇಷ ಮಿಶ್ರಣ’ ಎಂದು ಮಾತ್ರ ಬರೆದಿತ್ತು. ಒಂದು ಸಸ್ಯಾಹಾರಿ ಎನ್ನಿಸಿಕೊಂಡ ಪುಡಿಯಲ್ಲಿ ಮೀನೆಣ್ಣೆಯಿಂದ ತೆಗೆದ ವಿಟಮಿನ್ ಇತ್ತು. ಗಿಡಗಳು ಮಣ್ಣಿನಿಂದ ಸೀಸವನ್ನೂ ಹೀರಿಕೊಳ್ಳುತ್ತವೆ, ಆದ್ದರಿಂದ ಕಾಳಿನ ಪುಡಿಗೆ ಸೀಸದ ಪರೀಕ್ಷೆ ಆಗಿದೆಯೇ ಎಂದು ಕೇಳಲೇಬೇಕು ಎಂಬುದನ್ನೂ ಓದಿ ತಿಳಿದುಕೊಂಡಳು.

“ಇದು ನೂರಕ್ಕೆ ನೂರು ಸಸ್ಯಾಹಾರಿ ಅಮ್ಮ,” ಎಂದ ಒಬ್ಬ ಅಂಗಡಿಯವನು. “ನೋಡಿ, ಎಲೆ ಚಿತ್ರ ಇದೆ.”

“ಎಲೆ ಚಿತ್ರ ಹಾಕೋದು ನಮ್ಮ ಪ್ರೆಸ್ಸಲ್ಲೇ. ಅವರು ಕೇಳಿದಷ್ಟು ಎಲೆ ಹಾಕಿ ಕೊಡ್ತೀವಿ. ಈ ಬ್ಯಾಚಿನ ಪರೀಕ್ಷಾ ವರದಿ ಇದ್ಯಾ?”

“ನನಗೆ ಹೆಣ್ಣು ಕೊಡುವಾಗಲೂ ನಮ್ಮ ಮಾವ ಇಷ್ಟು ವಿಚಾರಿಸಿರಲಿಲ್ಲಮ್ಮ!”

“ವಿಚಾರಿಸಬೇಕಿತ್ತು,” ಎಂದು ಪ್ರೂಫಮ್ಮ ಡಬ್ಬಿಯನ್ನು ವಾಪಸಿಟ್ಟಳು.

ಕೊನೆಗೆ ಸಿಕ್ಕಿದ್ದು ಒಂದು ಸಾದಾ ಡಬ್ಬಿ. ಅದರಲ್ಲಿದ್ದದ್ದು ಬಟಾಣಿ, ಕೋಕೋ, ಉಪ್ಪು, ಅಷ್ಟೆ. ಕ್ರೀಡಾಪಟುಗಳಿಗಾಗಿಯೇ ಪರೀಕ್ಷೆ ಮಾಡುವ ಸ್ವತಂತ್ರ ಪ್ರಯೋಗಾಲಯದ ಮುದ್ರೆ ಇತ್ತು. ಮುದ್ರೆಯನ್ನೂ ಅವಳು ನಂಬಲಿಲ್ಲ. ಪ್ರಯೋಗಾಲಯಕ್ಕೇ ಫೋನ್ ಮಾಡಿ ಬ್ಯಾಚಿನ ಸಂಖ್ಯೆ ಓದಿ ಹೇಳಿದಳು. ಆ ಕಡೆಯ ಹೆಣ್ಣುಮಗಳು ಸೀಸದ ಪ್ರಮಾಣ, ನಿಷೇಧಿತ ಔಷಧಿಗಳ ಫಲಿತಾಂಶ ಎಲ್ಲವನ್ನೂ ಓದಿದಳು. ಪ್ರೂಫಮ್ಮ ಎರಡನೆಯ ಸಲ ಓದಿಸಿದಳು.

ಡಬ್ಬಿಯನ್ನು ಕಪಾಟಿನ ಮೇಲಿಟ್ಟು ಮನೆಯವರಿಗೆಲ್ಲ ಹೇಳಿದಳು: “ಇದು ಕಡ್ಡಿಯದು. ದಿನಕ್ಕೆ ಒಂದು ಅಳತೆ, ಮೂವತ್ತು ದಿನ. ಬೇರೆ ಯಾರೂ ಮುಟ್ಟಬಾರದು.”

“ಮುಟ್ಟಿದ್ರೆ ನನ್ನನ್ನೂ ರಿಂಗಿಗೆ ಇಳಿಸ್ತೀಯೇನೋ,” ಎಂದಳು ಅಜ್ಜಿ, ಪ್ರೂಫಮ್ಮನ ಅತ್ತೆ.

ಕಡ್ಡಿ ಮೊದಲ ಲೋಟ ಕುಡಿದು ಮುಖ ಕಿವುಚಿದಳು. “ಮಣ್ಣು ತಿಂದ ಹಾಗಿದೆ.” ಆದರೂ ಪೂರ್ತಿ ಕುಡಿದಳು.

ಆ ವಾರವೇ ಗಂಡ ಮೊದಲ ಬಾರಿಗೆ ಗೋದಾಮಿಗೆ ಹೋದ. ಮಗಳ ಅಭ್ಯಾಸ ನೋಡಬೇಕೆಂದು ಪ್ರೂಫಮ್ಮನೇ ಎಳೆದುಕೊಂಡು ಹೋಗಿದ್ದಳು. ಹೋದದ್ದು ಒಳ್ಳೆಯ ದಿನವಲ್ಲ. ಅಂದು ಕಡ್ಡಿಗೆ ತನಗಿಂತ ಆರು ಕೆಜಿ ಹೆಚ್ಚಿನವಳೊಂದಿಗೆ ಅಭ್ಯಾಸ. ಎರಡನೇ ಸುತ್ತಿನಲ್ಲಿ ನೇರ ಬಲಗೈ ಏಟೊಂದು ಕಡ್ಡಿಯ ಮೂಗಿಗೆ ಬಿತ್ತು. ಒದ್ದೆ ಸೌದೆ ಮುರಿದಂಥ ಸದ್ದಾಯಿತು. ರಕ್ತ ಬಾಯಿಗೆ, ಬಾಯಿಂದ ಬನಿಯನ್ನಿಗೆ, ಅಲ್ಲಿಂದ ರಿಂಗಿನ ನೆಲಕ್ಕೆ ತೊಟ್ಟಿಕ್ಕಿತು. ಕಡ್ಡಿ ಅದರ ಮೇಲೇ ಕಾಲಿಟ್ಟು ಜಾರಿದಳು.

ದಿನವೂ ಮೊಣಕೈವರೆಗೆ ರಕ್ತದಲ್ಲಿ ಕೈ ಅದ್ದುವ ಮನುಷ್ಯ ಹಗ್ಗ ಹಾರಿ ಒಳಗೆ ನುಗ್ಗಿದ. ಆ ಹುಡುಗಿಯನ್ನು ಎರಡೂ ಕೈಯಲ್ಲಿ ತಳ್ಳಿದ. ಅವಳು ಮೂಲೆಯ ಕಂಬಕ್ಕೆ ಹೋಗಿ ಬಡಿದಳು. ಕೋಚ್ ಮೇಡಂ ಅವನ ಕೊರಳಪಟ್ಟಿ ಹಿಡಿದರು.

“ಇಳೀರಿ ಕೆಳಗೆ! ಇದು ನಿಮ್ಮ ಅಂಗಡಿಯಲ್ಲ!”

“ಕೊಲ್ತಿದ್ದೀರಲ್ರೀ ನನ್ನ ಮಗಳನ್ನ!”

“ಅಪ್ಪ, ಹೋಗು,” ಎಂದಳು ಕಡ್ಡಿ ರಕ್ತ ಉಗಿಯುತ್ತ. “ನನ್ನ ಮಾನ ತೆಗೀಬೇಡ. ಹೋಗು!”

ಮನೆಗೆ ಬಂದವನೇ ಕಪಾಟಿನ ಮೇಲಿನ ಡಬ್ಬಿಗೆ ಕೈ ಹಾಕಿದ. “ಬಟಾಣಿ ಹಿಟ್ಟು! ಬಟಾಣಿ ಕುಡಿಸಿ ಮಗಳನ್ನ ಹುಲಿಗಳ ಬಾಯಿಗೆ ಕಳಿಸ್ತಿದ್ದೀಯ! ಕಿಟಕಿಯಿಂದ ಎಸೀತೀನಿ ಇದನ್ನ!”

“ಬಿಡ್ರೀ!” ಪ್ರೂಫಮ್ಮ ಡಬ್ಬಿಗೆ ಜೋತುಬಿದ್ದಳು. ಅವನು ಎಳೆದ, ಅವಳು ಬಿಡಲಿಲ್ಲ. ಅವನ ಮೊಣಕೈ ಅವಳ ಹುಬ್ಬಿಗೆ ಬಡಿಯಿತು. ಚರ್ಮ ಸೀಳಿ ರಕ್ತ ಕಣ್ಣಿಗಿಳಿಯಿತು. ಆಗ ಅವನು ಕೈಬಿಟ್ಟ. ತನ್ನ ಕೈಗಳನ್ನೇ ನೋಡುತ್ತ ನಿಂತ.

“ಬೇಕೂಂತ ಹೊಡೆದಿದ್ದಲ್ಲ,” ಎಂದ.

“ಗೊತ್ತು. ಅದಕ್ಕೇ ಹೆದರಿಕೆ.”

ಅವನು ಕೆಳಗೆ ಹೋಗಿ ಕತ್ತಿ ಮಸೆಯತೊಡಗಿದ. ಸಂಜೆಯವರೆಗೂ ಆ ಸದ್ದು ಮೇಲಕ್ಕೆ ಕೇಳುತ್ತಿತ್ತು. ಆಮೇಲೆ ಅವನು ಆ ವಿಷಯ ಎತ್ತಲೇ ಇಲ್ಲ. ಗೋಡೆಗೆ ತಟ್ಟೆ ಬೀಳುವುದು ನಿಂತಿತು. ಊಟಕ್ಕೆ ಕೂತಾಗ ಮಗಳನ್ನು ಕೇಳುತ್ತಿದ್ದದ್ದು ಒಂದೇ ಮಾತು: “ಕುಡಿದೆಯಾ ಇವತ್ತು?”

“ಕುಡಿದೆ.”

“ಹ್ಞೂಂ.”

ಕಡ್ಡಿಯ ಮೂಗಿನೊಳಗೆ ಹತ್ತಿ ತುರುಕಿದ್ದರು. ಹತ್ತಿ ತೆಗೆದ ಮೇಲೂ ಬಾವು ಇಳಿಯಲಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. “ಈಗ ಒಳ್ಳೇದಾಯ್ತು. ಮಣ್ಣಿನ ರುಚಿಯೂ ಇಲ್ಲ,” ಎಂದು ಗಟಗಟ ಕುಡಿದು ಹೋಗುತ್ತಿದ್ದಳು. ಮೂರನೇ ಸುತ್ತಿನಲ್ಲಿ ಕಾಲು ಸೋಲುವುದು ನಿಂತಿತು. ಒಂದು ದಿನ ಅವಳ ಏಟಿಗೆ ಮರಳು ಚೀಲದ ಕೊಂಡಿಯೇ ಕಿತ್ತುಬಂತು. ಇನ್ನೊಂದು ದಿನ ಆರು ಕೆಜಿ ಹೆಚ್ಚಿನವಳ ಪಕ್ಕೆಗೆ ಹೊಡೆದು ಉಸಿರು ನಿಲ್ಲಿಸಿದಳು. ಕೋಚ್ ಮೇಡಂ ಫೋನ್ ಮಾಡಿ, “ನಿಮ್ಮ ಪುಡಿ ಕೆಲಸ ಮಾಡ್ತಿದೆ,” ಎಂದರು. ಪ್ರೂಫಮ್ಮ ಆ ಮಾತನ್ನು ಪ್ರೆಸ್ಸಿನಲ್ಲಿ ಮೂವರಿಗೆ ಹೇಳಿದಳು.

ಆದರೂ ಅವಳ ಕಣ್ಣು ಸುಮ್ಮನಿರುವ ಕಣ್ಣಲ್ಲ. ಆಯ್ಕೆಗೆ ಹನ್ನೊಂದು ದಿನ ಉಳಿದಿದ್ದ ಗುರುವಾರ ಬೆಳಿಗ್ಗೆ ಡಬ್ಬಿಯ ಮುಚ್ಚಳ ತೆಗೆದಳು. ಅಂದಿಗೆ ಇಪ್ಪತ್ತಾರನೇ ದಿನ. ತಳದಲ್ಲಿ ನಾಲ್ಕು ಅಳತೆ ಉಳಿದಿರಬೇಕು. ಚಮಚ ಇಳಿಸಿದರೆ ತಳ ಸಿಗಲಿಲ್ಲ. ತಕ್ಕಡಿ ತಂದು ತೂಗಿದಳು. ಹತ್ತು ಅಳತೆಗೂ ಮೀರಿತ್ತು.

ಚಿಟಿಕೆ ಪುಡಿಯನ್ನು ಅಂಗೈಗೆ ಹಾಕಿ ಮೂಸಿದಳು. ಕೋಕೋ ವಾಸನೆಯ ಕೆಳಗೆ ಇನ್ನೊಂದು ವಾಸನೆ ಇತ್ತು. ಇಪ್ಪತ್ತು ವರ್ಷದಿಂದ ಗಂಡನ ಅಂಗಿಗಳನ್ನು ಒಗೆದವಳಿಗೆ ಅದೇನೆಂದು ಯಾರೂ ಹೇಳಬೇಕಿರಲಿಲ್ಲ.

ಡಬ್ಬಿ ಹಿಡಿದುಕೊಂಡೇ ಮೆಟ್ಟಿಲಿಳಿದಳು. ಅಂಗಡಿಯ ಹಿಂಕೋಣೆಯಲ್ಲಿ, ಒಲೆಯ ಮೇಲಿನ ತಂತಿ ಚೌಕಟ್ಟಿನಲ್ಲಿ ಕಾಗದದಷ್ಟು ತೆಳ್ಳಗೆ ಹೆಚ್ಚಿದ ಮಾಂಸ ಒಣಗುತ್ತಿತ್ತು. ಪಕ್ಕದಲ್ಲಿ ಅರೆಯುವ ಯಂತ್ರ, ಅದರ ಬಾಯಿಗೆ ಕಟ್ಟಿದ ತೆಳು ಬಟ್ಟೆ. ಗಂಡ ಹೊರಗಿನ ದಿಮ್ಮಿಯ ಮೇಲೆ ತೊಡೆಯೊಂದನ್ನು ಕಡಿಯುತ್ತಿದ್ದ. ಅವಳ ಕೈಯಲ್ಲಿದ್ದ ಡಬ್ಬಿ ಕಂಡದ್ದೇ ಕತ್ತಿ ಅರ್ಧದಲ್ಲಿ ನಿಂತಿತು.

“ಎಷ್ಟು ದಿನದಿಂದ?”

ಅವನು ದಿಮ್ಮಿಯ ಮೇಲಿನ ತೊಡೆಯನ್ನು ಮಗ್ಗುಲು ಬದಲಿಸಿ ಇಟ್ಟ.

“ಎಷ್ಟು ದಿನದಿಂದ್ರೀ?”

“ಅವಳ ಮೂಗು ಒಡೆದ ಮಾರನೇ ದಿನದಿಂದ.” ಕತ್ತಿಯನ್ನು ದಿಮ್ಮಿಗೆ ಚುಚ್ಚಿ ಕೈ ಒರೆಸಿಕೊಂಡ. “ವಿಷ ಹಾಕಿಲ್ಲ ಕಣೇ. ಕೊಬ್ಬು, ನರ ಎಲ್ಲ ತೆಗೆದು ಬರೀ ಕೆಂಪು ಮಾಂಸ. ಒಂದು ಅಳತೆ ನಿನ್ನದು ತೆಗೆದು, ಒಂದು ಅಳತೆ ನಂದು ಹಾಕ್ತಿದ್ದೆ.”

“ಒಂದು ಅಳತೆ ಅಲ್ಲ. ಹೆಚ್ಚಿದೆ.”

ಅವನಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ತಲೆ ತಗ್ಗಿಸಿದ. ಅವನ ಅಪ್ಪನ ಕಾಲದಿಂದ ಆ ಅಂಗಡಿಯ ಪದ್ಧತಿ ಅದು: ತೂಕ ಸರಿಯಾದ ಮೇಲೆ ಕೊಸರು ಅಂತ ಒಂದು ಚೂರು ಹೆಚ್ಚಿಗೆ ಹಾಕಿಯೇ ಕಟ್ಟಿಕೊಡುವುದು. ಮಗಳ ಡಬ್ಬಿಗೂ ದಿನವೂ ಹಾಗೇ ಕೊಸರು ಹಾಕಿದ್ದ.

“ಅವಳು ತಿನ್ನಲ್ಲ ಅಂದಿದ್ದಾಳೆ. ತಿನ್ನಲ್ಲ ಅಂದ್ರೆ ತಿನ್ನಲ್ಲ!”

“ತಿಂದಳಲ್ಲ? ಎದ್ದು ನಿಂತಳಲ್ಲ? ಚೀಲದ ಕೊಂಡಿ ಕಿತ್ತಿದ್ದು ಬಟಾಣಿ ಅಂದ್ಕೊಂಡ್ಯಾ? ಅವಳು ರಕ್ತದಲ್ಲಿ ಕಾಲಿಟ್ಟು ಜಾರಿದಾಗ ನೀನು ಪಕ್ಕದಲ್ಲೇ ಇದ್ದೆ. ನನಗೆ ನೋಡೋಕಾಗಲಿಲ್ಲ. ಸಾಯಿಸ್ತಾರೆ ಅನ್ನಿಸ್ತು.”

“ಆ ಕುರಿಗಳು ಎಲ್ಲಿಂದ ಬಂದವು?”

“ಸಂತೆಯಿಂದ. ಇನ್ನೆಲ್ಲಿಂದ?”

“ದಪ್ಪ ಕಾಣಲಿ ಅಂತ ವ್ಯಾಪಾರಿಗಳು ಸೂಜಿ ಚುಚ್ಚಿ ತರ್ತಾರೆ, ಯಾವ ಔಷಧಿಯೋ ದೇವರೇ ಬಲ್ಲ ಅಂತ ಊಟಕ್ಕೆ ಕೂತಾಗೆಲ್ಲ ಬೈತಿದ್ದೋರು ಯಾರು? ನೀವೇ ಅಲ್ವಾ?”

ಅವನ ಮುಖದ ಬಣ್ಣ ಇಳಿಯಿತು. ಮೂತ್ರ ಪರೀಕ್ಷೆಯ ಮಾತು ಮನೆಯಲ್ಲಿ ಹತ್ತು ಸಲ ಆಗಿತ್ತು. ಪುಡಿಗೂ ಪರೀಕ್ಷೆಗೂ ನಂಟು ಕಟ್ಟಿದ್ದ ಅವನ ತಲೆ, ಮಾಂಸಕ್ಕೂ ಪರೀಕ್ಷೆಗೂ ಕಟ್ಟಿರಲಿಲ್ಲ.

“ಹೇಳಬೇಡ,” ಎಂದ. ಅವನ ದನಿ ಅಷ್ಟು ಸಣ್ಣಗಾದದ್ದನ್ನು ಅವಳು ಕೇಳಿರಲಿಲ್ಲ. “ನಿನ್ನ ಕಾಲು ಹಿಡೀತೀನಿ. ಇವತ್ತಿಗೇ ನಿಲ್ಲಿಸ್ತೀನಿ. ಹನ್ನೊಂದು ದಿನದಲ್ಲಿ ಎಲ್ಲ ಹೊರಟುಹೋಗುತ್ತೆ. ಗೆದ್ದ ಮೇಲೆ ನಾನೇ ಹೇಳ್ತೀನಿ.”

ಹೊರಟುಹೋಗುತ್ತದೆ ಎಂದು ಅವಳು ಎಲ್ಲಿಯೂ ಓದಿರಲಿಲ್ಲ. ಆದರೂ ಡಬ್ಬಿಯನ್ನು ಕಸಕ್ಕೆ ಸುರಿದು ಅದೇ ಬ್ಯಾಚಿನ ಹೊಸ ಡಬ್ಬಿ ತಂದಳು. ಅದರಿಂದ ಇಪ್ಪತ್ತಾರು ಅಳತೆಯನ್ನು ಬೇರೆ ತೆಗೆದಿಟ್ಟು, ಡಬ್ಬಿಯನ್ನು ಹಳೆಯದರ ಜಾಗದಲ್ಲೇ ಇಟ್ಟಳು. ಅತ್ತೆ ಅದನ್ನೆಲ್ಲ ಕಂಡಳು.

“ಬಾಯಿ ಬಿಟ್ಟೀಯ, ಹುಷಾರು,” ಎಂದಳು ಅತ್ತೆ. “ಈ ಮನೇಲಿ ಅಪ್ಪ ಮಗಳು ಈಗ ತಾನೇ ಮಾತಾಡೋಕೆ ಶುರು ಮಾಡಿದ್ದಾರೆ.”

ಶುಕ್ರವಾರ, ಶನಿವಾರ, ಭಾನುವಾರ ಪ್ರೂಫಮ್ಮ ಬಾಯಿ ಬಿಡಲಿಲ್ಲ. ಮಗಳು ಲೋಟ ಖಾಲಿ ಮಾಡುವಾಗ ಬೇರೆ ಕಡೆ ನೋಡಿದಳು. ಪ್ರೆಸ್ಸಿನಲ್ಲಿ ಒಂದೇ ಸಾಲನ್ನು ಐದು ಸಲ ಓದಿದಳು.

ಸೋಮವಾರ ಸಂಜೆ ಎಲ್ಲರೂ ಮೇಜಿನ ಸುತ್ತ ಇದ್ದಾಗ ಕಡ್ಡಿ ಒಂದು ಕಾಗದ ತಂದು ತಾಯಿಯ ಮುಂದಿಟ್ಟಳು.

“ಆಯ್ಕೆ ಸಮಿತಿಯವರದ್ದು. ಎರಡು ತಿಂಗಳಿಂದ ಏನೇನು ಪುಡಿ, ಮಾತ್ರೆ ತಗೊಂಡೆ ಅಂತ ಬರೀಬೇಕಂತೆ. ಕೆಳಗೆ ನನ್ನ ಸಹಿ. ನೀನೇ ತುಂಬಮ್ಮ, ನೀನಾದ್ರೆ ತಪ್ಪಿಲ್ಲದೆ ಬರೀತೀಯ.”

ಪ್ರೂಫಮ್ಮ ಪೆನ್ನು ತೆಗೆದಳು. ‘ಬಟಾಣಿ’ ಎಂದು ಬರೆದಳು. ಮುಂದಕ್ಕೆ ಕೈ ಓಡಲಿಲ್ಲ. ಗಂಡ ಮೇಜಿನ ಆ ತುದಿಯಿಂದ ಅವಳನ್ನೇ ನೋಡುತ್ತಿದ್ದ.

“ಇದಕ್ಕೆ ನೀನು ಸಹಿ ಹಾಕಬಾರದು,” ಎಂದಳು. “ಡಬ್ಬಿಯಲ್ಲಿ ಮಾಂಸದ ಪುಡಿ ಬೆರೆಸಿತ್ತು. ಹದಿನೆಂಟು ದಿನ ಕುಡಿದಿದ್ದೀಯ.”

“ಏನು?”

“ಅಪ್ಪ ಒಣಗಿಸಿ, ಅರೆದು ಹಾಕಿದ್ರು. ಸಂತೆ ಕುರಿ. ಔಷಧಿ ಚುಚ್ಚಿದ್ದೋ ಇಲ್ವೋ ಗೊತ್ತಿಲ್ಲ.”

ಕಡ್ಡಿ ನಕ್ಕಳು. ತಮಾಷೆ ಎಂದುಕೊಂಡಿದ್ದಳು. ಅಪ್ಪನ ಮುಖ ನೋಡಿ ನಗು ನಿಂತಿತು. ಎದ್ದು ಬಚ್ಚಲಿಗೆ ಓಡಿ ಎರಡು ಬೆರಳನ್ನು ಗಂಟಲಿಗೆ ತುರುಕಿ ವಾಂತಿ ಮಾಡಿಕೊಂಡಳು. ಕರುಳೇ ಕಿತ್ತು ಬರುವಂಥ ಸದ್ದು. ಮುಖ ತೊಳೆಯದೆಯೇ ವಾಪಸು ಬಂದಳು.

“ಏಳು,” ಎಂದಳು ಅಪ್ಪನಿಗೆ.

“ಕಡ್ಡಿ, ಕೇಳಿಲ್ಲಿ ಪುಟ್ಟ…”

“ಏಳು ಅಂದೆ! ಕೂತೋರಿಗೆ ಹೊಡೆಯಲ್ಲ ನಾನು.”

ಅವನು ಎದ್ದ. ಕೈ ಎತ್ತಲಿಲ್ಲ, ಮುಖ ಮುಚ್ಚಿಕೊಳ್ಳಲಿಲ್ಲ. ಕಡ್ಡಿಯ ಎಡಗಾಲು ಅರ್ಧ ಹೆಜ್ಜೆ ಮುಂದೆ ಸರಿಯಿತು, ಸೊಂಟ ತಿರುಗಿತು, ಗುದ್ದು ಬಂದದ್ದು ಯಾರಿಗೂ ಕಾಣಲಿಲ್ಲ. ಅವನ ದವಡೆ ಒಂದು ಕಡೆಗೆ ಜರುಗಿತು. ಅವನು ಕುರ್ಚಿಯ ಸಮೇತ ಹಿಂದಕ್ಕೆ ಉರುಳಿದ. ಮೇಜು ಮಗುಚಿ ಪಾತ್ರೆಗಳು ನೆಲದ ತುಂಬ ಚೆಲ್ಲಾಡಿದವು. ಬಿದ್ದವನ ಬಾಯಿಂದ ರಕ್ತದ ಜೊತೆ ಒಂದು ಹಲ್ಲು ಹೊರಬಂತು.

ಮೊದಲು ಬಾಯಿ ಬಿಟ್ಟವಳು ಅಜ್ಜಿ.

“ಈ ಗುದ್ದು ಬಟಾಣಿಯದಾ, ಕುರಿಯದಾ?” ಎಂದಳು. ಹೇಳಿ ಮುಗಿಸಿ, ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳತೊಡಗಿದಳು.

ಕಡ್ಡಿ ತಾಯಿಯ ಕಡೆ ತಿರುಗಿದಳು. ಬಲಗೈ ಗೆಣ್ಣುಗಳು ಆಗಲೇ ಊದುತ್ತಿದ್ದವು.

“ನಿನಗೆ ಯಾವಾಗ ಗೊತ್ತಾಯ್ತು?”

“ಗುರುವಾರ.”

“ಇವತ್ತು ಸೋಮವಾರ.”

“ಹೂಂ.”

“ಮೂರು ವಾರ ಪೇಟೆಯೆಲ್ಲಾ ಸುತ್ತಿ, ಫೋನ್ ಮಾಡಿ, ಎರಡೆರಡು ಸಲ ಓದಿಸಿದೆ. ನಾಲ್ಕು ದಿನ ನನಗೆ ಒಂದು ಮಾತು ಹೇಳೋಕಾಗಲಿಲ್ವಾ ನಿನಗೆ?”

ಕಡ್ಡಿ ಚೀಲಕ್ಕೆ ಎರಡು ಜೊತೆ ಬಟ್ಟೆ ತುರುಕಿಕೊಂಡು ಕೋಚ್ ಮೇಡಂ ಮನೆಗೆ ಹೊರಟುಹೋದಳು.

ಮರುದಿನ ಪ್ರೂಫಮ್ಮ ಗೋದಾಮಿಗೆ ಹೋಗಿ ಎಲ್ಲವನ್ನೂ ಹೇಳಿದಳು. ಕೋಚ್ ಮೇಡಂ ಕೂಗಾಡಲಿಲ್ಲ.

“ಈ ಸಲ ಹೆಸರು ವಾಪಸ್ ತಗೋತೀನಿ,” ಎಂದರು. “ಆ ಕುರಿಗಳಿಗೆ ಏನು ಚುಚ್ಚಿದ್ರೋ ನಂಗೊತ್ತಿಲ್ಲ, ನಿಮಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಇಟ್ಕೊಂಡು ಇವಳನ್ನ ರಿಂಗಿಗೆ ಇಳಿಸಲ್ಲ. ಮುಂದಿನ ಆಯ್ಕೆ ಮುಂದಿನ ವರ್ಷ.”

“ಗುರುವಾರವೇ ಹೇಳಿದ್ದಿದ್ರೆ?”

“ಆಗಲೂ ಇದನ್ನೇ ಹೇಳ್ತಿದ್ದೆ. ಆದ್ರೆ ನಿಮ್ಮ ಮಗಳು ಇವತ್ತು ನಿಮ್ಮ ಮನೇಲಿರ್ತಿದ್ದಳು.”

ಆಸ್ಪತ್ರೆಯಲ್ಲಿ ಗಂಡನ ದವಡೆಗೆ ತಂತಿ ಕಟ್ಟಿದರು. ಅಂಗಡಿಯ ಕಬ್ಬಿಣದ ಕೊಕ್ಕೆ ಬಡಿಯಿತು ಎಂದು ಅವನು ಚೀಟಿಯಲ್ಲಿ ಬರೆದು ತೋರಿಸಿದ. ಡಾಕ್ಟರು ಗಾಯ ನೋಡಿ, “ಕೊಕ್ಕೆಗೆ ನಾಲ್ಕು ಗೆಣ್ಣು ಇದ್ದವಾ?” ಎಂದು ಕೇಳಿದರು. ಅವನು ಕಣ್ಣು ಮುಚ್ಚಿಕೊಂಡ. ಆರು ವಾರ ಅಗಿಯುವಂತಿಲ್ಲ, ಕುಡಿಯುವುದು ಮಾತ್ರ. ಅತ್ತೆ ದಿನವೂ ಮೂಳೆ ಬೇಯಿಸಿದ ನೀರನ್ನು ಸೋಸಿ ಕೊಟ್ಟಳು. ಎರಡು ಗುಟುಕಿಗೇ ಅವನಿಗೆ ಓಕರಿಕೆ ಬರುತ್ತಿತ್ತು. ತಂತಿ ಕಟ್ಟಿದ ಬಾಯಲ್ಲಿ ವಾಂತಿ ಬಂದರೆ ಉಸಿರು ಕಟ್ಟುತ್ತದೆಂದು ಹೆದರಿ ಅವನು ಲೋಟವನ್ನೇ ದೂರ ತಳ್ಳುತ್ತಿದ್ದ. ಒಂದು ವಾರಕ್ಕೆ ಕೆನ್ನೆ ಒಳಗೆ ಹೋಯಿತು. ಕತ್ತಿ ಎತ್ತುವ ತೋಳು ಜೋತುಬಿತ್ತು.

ಆಯ್ಕೆ ಪಂದ್ಯ ಕಡ್ಡಿಯಿಲ್ಲದೆ ನಡೆದುಹೋಯಿತು. ಅವಳು ಪಕ್ಕೆಗೆ ಹೊಡೆದು ಉಸಿರು ನಿಲ್ಲಿಸಿದ್ದಳಲ್ಲ, ಆ ಆರು ಕೆಜಿ ಹೆಚ್ಚಿನವಳು ತನ್ನ ತೂಕದಲ್ಲಿ ಆಯ್ಕೆಯಾದಳು. ಅದಾದ ಎರಡು ದಿನಕ್ಕೆ, ಮಧ್ಯಾಹ್ನ, ಕಡ್ಡಿ ಉಳಿದ ಬಟ್ಟೆ ಒಯ್ಯಲು ಮನೆಗೆ ಬಂದಳು. ಅಪ್ಪ ಮೇಜಿನ ಮುಂದೆ ಕೂತಿದ್ದ. ಮುಂದೆ ಮೂಳೆ ನೀರಿನ ಲೋಟ, ಅದರ ಮೇಲೆ ಕೊಬ್ಬು ಹೆಪ್ಪುಗಟ್ಟಿತ್ತು. ಅವನನ್ನು ಅವಳು ಸ್ವಲ್ಪ ಹೊತ್ತು ನೋಡಿದಳು.

“ಏನಜ್ಜಿ ಹೀಗಾಗಿದ್ದಾನೆ?”

“ನೀನು ಹೊಡೆದದ್ದು ದವಡೆಗೆ. ಇಳಿದದ್ದು ಹೊಟ್ಟೆಗೆ,” ಎಂದಳು ಅಜ್ಜಿ.

ತೆಗೆದಿಟ್ಟಿದ್ದ ಪುಡಿಯನ್ನು ಪ್ರೂಫಮ್ಮ ಮತ್ತೆ ತುಂಬಿಟ್ಟಿದ್ದ ಡಬ್ಬಿಯನ್ನು ಕಡ್ಡಿ ಕಪಾಟಿನಿಂದ ತೆಗೆದಳು. ಮೂಸಿದಳು, ಈಗ ಅವಳಿಗೆ ವಾಸನೆ ಬರುತ್ತಿತ್ತು. ಎರಡು ಅಳತೆ ನೀರಿಗೆ ಹಾಕಿ, ಗಂಟಿಲ್ಲದ ಹಾಗೆ ಕಲಸಿ, ಕೊಳವೆ ಇಟ್ಟು ಅಪ್ಪನ ಮುಂದೆ ಕುಕ್ಕಿದಳು.

“ಬಟಾಣಿ. ಬೇರೆ ಏನೂ ಹಾಕಿಲ್ಲ. ನನ್ನ ಮೇಲೆ ನಂಬಿಕೆ ಇದ್ರೆ ಕುಡಿ, ಇಲ್ಲಾಂದ್ರೆ ಚೆಲ್ಲು.”

ಅವನು ಲೋಟವನ್ನು ನೋಡಲಿಲ್ಲ, ಮಗಳನ್ನೇ ನೋಡುತ್ತ ಕುಡಿದ. ಮುಖ ಕಿವುಚಿದರೂ ನಿಲ್ಲಿಸಲಿಲ್ಲ. ಕೊಳವೆ ತಳದಲ್ಲಿ ಗೊರಗುಟ್ಟುವವರೆಗೂ ಹೀರಿದ. ಕಡ್ಡಿ ಖಾಲಿ ಲೋಟ ಎತ್ತಿಕೊಂಡು, “ಸಂಜೆ ಇನ್ನೊಂದು,” ಎಂದಳು. ಬಟ್ಟೆಗೆಂದು ತಂದ ಚೀಲ ಬಾಗಿಲ ಬಳಿ ಹಾಗೇ ಉಳಿಯಿತು.

ಪ್ರೂಫಮ್ಮ ಓಡಿಹೋಗಿ ಇನ್ನೊಂದು ಲೋಟ ಕಲಸಿ ತಂದು ಮಗಳ ಮುಂದೆ ಹಿಡಿದಳು.

“ಬೇಡ. ನಂದು ನಾನೇ ಕಲಸ್ಕೋತೀನಿ.”

ಕಡ್ಡಿ ಮೆಟ್ಟಿಲಿಳಿದು ಹಿತ್ತಿಲಿಗೆ ಹೋದಳು. ಅಲ್ಲೇ ಗೂಟಕ್ಕೆ ನೇತುಹಾಕಿದ್ದ ತನ್ನ ಹಳೆಯ ಗ್ಲೋವ್ಸ್ ಹಾಕಿಕೊಂಡು ಗಾಳಿಗೆ ಗುದ್ದತೊಡಗಿದಳು. ಕೋಚ್ ಮೇಡಂ ಕೊಟ್ಟ ಎರಡು ದಪ್ಪ ಚರ್ಮದ ಪ್ಯಾಡುಗಳು, ಎದುರು ನಿಂತವರು ಅಂಗೈಗೆ ಹಾಕಿಕೊಂಡು ಏಟು ಹಿಡಿಯುವಂಥವು, ಕಟ್ಟೆಯ ಮೇಲೆ ಬಿದ್ದಿದ್ದವು. ಪ್ರೂಫಮ್ಮ ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತಳು.

“ಅಪ್ಪನಿಗೆ ಕೊಟ್ಟೆಯಲ್ಲ,” ಎಂದಳು.

“ಅಪ್ಪನಿಗೆ ಒಂದು ಗುದ್ದು ಕೊಟ್ಟೆ. ಅಲ್ಲಿಗೆ ಮುಗೀತು.” ಕಡ್ಡಿ ತಿರುಗಿ ನೋಡಲಿಲ್ಲ. “ನಿನಗೇನು ಕೊಡಲಿ, ಹೇಳು. ನಿನಗೆ ಹೊಡೆಯೋಕೂ ಆಗಲ್ಲ ನನಗೆ.”

ಪ್ರೂಫಮ್ಮ ಕಟ್ಟೆಯ ಮೇಲಿನ ಪ್ಯಾಡುಗಳೊಳಗೆ ಕೈ ತೂರಿಸಿದಳು. ಅವು ಅವಳ ಕೈಗೆ ದೊಡ್ಡವಾಗಿದ್ದವು. ಮಗಳ ಎದುರು ಹೋಗಿ ನಿಂತು ಎದೆಯ ಎತ್ತರಕ್ಕೆ ಹಿಡಿದಳು.

“ಕೊಡು,” ಎಂದಳು.

ಕಡ್ಡಿ ಅವಳನ್ನು ಅಳೆಯುವಂತೆ ನೋಡಿದಳು. ಆಮೇಲೆ ಹೊಡೆದಳು. ಮೊದಲ ಏಟಿಗೆ ಪ್ರೂಫಮ್ಮನ ತೋಳು ಹೆಗಲವರೆಗೆ ಮರಗಟ್ಟಿತು. ಎರಡನೆಯದಕ್ಕೆ ಹಿಂದಕ್ಕೆ ಹೋಗಿ ಗೋಡೆಗೆ ಬಡಿದಳು. ಚಿಮ್ಮಿದ ಪ್ಯಾಡು ತಾಗಿ ಹುಬ್ಬಿನ ಹಳೆಯ ಗಾಯ ಬಿರಿದು ಬಿಸಿ ರಕ್ತ ಇಳಿಯಿತು. ಅವಳು ಗೋಡೆ ಬಿಟ್ಟು ಮತ್ತೆ ಮುಂದಕ್ಕೆ ಬಂದು ನಿಂತಳು. ಮಗಳ ಕಣ್ಣಲ್ಲಿ ನೀರಿತ್ತು, ಏಟು ಮಾತ್ರ ಮೆತ್ತಗಾಗಲಿಲ್ಲ.

“ಕೈ ಇಳಿಸ್ಬೇಡ,” ಎಂದಳು ಕಡ್ಡಿ. “ಮುಖಕ್ಕೆ ಬೀಳುತ್ತೆ.”

ಪ್ರೂಫಮ್ಮ ಕೈ ಎತ್ತಿ ಹಿಡಿದಳು.